ಜಗಲಿಯಲ್ಲಿ ಅತ್ತ ಅಜ್ಜ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಬೂದಿ ಬುಧವಾರ. ಚರ್ಚಿನಲ್ಲಿ ಹಣೆಗೆ ಹಚ್ಚಿದ ಬೂದಿ ಒರೆಸಿಕೊಳ್ಳಲಿಲ್ಲ, ಶಾಲೆಯ ಕಡೆ ತಿರುಗಿ ನೋಡಲಿಲ್ಲ. ಊರೂರು ಅಲೆದು ಕೊನೆಗೆ ಕಾವೇರಿ ದಂಡೆಯ ಒಂದು ಕ್ರೈಸ್ತ ಆಶ್ರಮಕ್ಕೆ ಬಂದು ಬಿದ್ದೆ. ಅಲ್ಲಿದ್ದ ಗುರು ಇನ್ನಾಸಪ್ಪನವರು ಯಾವ ಊರು ಅಂತಲೂ ಕೇಳಲಿಲ್ಲ.

ಸಂಜೆ ಪ್ರಾರ್ಥನೆಗೆ ಸುವಾರ್ತೆ ಓದುವ ಕೆಲಸ ನನಗೆ ಬಂತು. ಓದುತ್ತ ಓದುತ್ತ ಮೈ ಉರಿಯತೊಡಗಿತು. ಯೇಸು ಕುರುಡನಿಗೆ ಕಣ್ಣು ಕೊಟ್ಟ ಸಂಗತಿ ಒಂದೇ. ಸುವಾರ್ತೆ ಬರೆದ ನಾಲ್ವರಲ್ಲಿ ಒಬ್ಬನ ಪ್ರಕಾರ ಕುರುಡ ಒಬ್ಬ, ಇನ್ನೊಬ್ಬನ ಪ್ರಕಾರ ಇಬ್ಬರು. ಊರು ಬಿಡುವಾಗ ಅನ್ನುತ್ತಾನೆ ಒಬ್ಬ, ಊರು ಸೇರುವಾಗ ಅನ್ನುತ್ತಾನೆ ಮತ್ತೊಬ್ಬ. ಮಾತುಗಳು ಮಾತ್ರ ಎಷ್ಟೋ ಕಡೆ ಅಚ್ಚೊತ್ತಿದ ಹಾಗೆ ಒಂದೇ.

"ಇವರು ಒಬ್ಬರದ್ದೊಬ್ಬರು ನೋಡಿ ಬರೆದವರು," ಅಂದೆ. "ನೋಡಿಯೂ ನೆಟ್ಟಗೆ ಬರೆಯಲಿಲ್ಲ. ಇದನ್ನು ನಾವು ಮಂಡಿಯೂರಿ ಕೇಳಬೇಕಾ?"

"ಮೊದಲೇ ಬರೆದಿಟ್ಟದ್ದು ಅವರ ಎದುರಿಗಿತ್ತು," ಅಂದರು ಗುರುಗಳು. "ಬಾಯಿಂದ ಬಾಯಿಗೆ ಬಂದ ನೆನಪೂ ಇತ್ತು. ಎರಡನ್ನೂ ಇಟ್ಟುಕೊಂಡು ಬರೆದರು."

"ಹಾಗಾದರೆ ಎಲ್ಲ ಸೇರಿಸಿ ಒಂದು ಮಾಡಬೇಕಿತ್ತು."

"ನೀನು ಮಾಡಪ್ಪ," ಅಂದರು.

ಆಶ್ರಮ ಕಟ್ಟಿದ ಅಜ್ಜ ತೀರಿಕೊಂಡು ಬಹಳ ಕಾಲವಾಗಿತ್ತು. ಹಿಂದೊಮ್ಮೆ ಅವರು ತುಂಬಿದ ಹೊಳೆ ದಾಟಿ, ಆಚೆ ದಡದ ಕಾಲರಾ ರೋಗಿಗಳನ್ನು ನೋಡಿಕೊಂಡಿದ್ದರಂತೆ. ಅದನ್ನು ಬರೆದು, ಅಜ್ಜನ ವರ್ಷದ ಪೂಜೆಯಲ್ಲಿ ಓದು ಅಂತ ಗುರುಗಳು ನನಗೆ ಒಪ್ಪಿಸಿದರು.

ಯಾರೋ ಬರೆದಿಟ್ಟ ಹಳೆಯ ಹಾಳೆಯಲ್ಲಿ ಅಜ್ಜ ಒಬ್ಬರೇ ಹೋದರು ಅಂತಿತ್ತು. ಹರಿಗೋಲಿನ ಚೌರಪ್ಪ, ಹುಟ್ಟು ಹಾಕಿದ್ದು ತಾನು, ಅಜ್ಜ ದಾರಿಯುದ್ದಕ್ಕೂ ನಗುತ್ತಲೇ ಇದ್ದರು ಅಂದ. ಆಚೆ ದಡದ ಮುದುಕಿ ಜ್ಞಾನಮ್ಮ, ಅವರು ತನ್ನ ಜಗಲಿ ಮೇಲೆ ಕೂತು ಹೆದರಿ ಅತ್ತರು, ಗಂಜಿ ಕುಡಿದ ಮೇಲೆ ಎದ್ದರು ಅಂದಳು.

ನಗುತ್ತ ಹೋದವರು ಅಳುವುದುಂಟೇ? ಹಾಳೆಯ ಮಾತನ್ನು ಹಾಗೇ ಇಳಿಸಿಕೊಂಡೆ. ಚೌರಪ್ಪ ಪಟ್ಟು ಬಿಡಲಿಲ್ಲ ಅಂತ 'ಒಬ್ಬರೇ' ಅನ್ನುವುದನ್ನು ಹೊಡೆದು ಅವನನ್ನು ಕಥೆಯ ಹರಿಗೋಲಿಗೆ ಹತ್ತಿಸಿದೆ. ಜ್ಞಾನಮ್ಮನ ಮಾತು ಬಿಟ್ಟೆ. ಎಲ್ಲೂ ಒಡಕಿಲ್ಲದ ಕಥೆಯಾಯಿತು.

ಪೂಜೆಯ ದಿನ ಓದಿ ಮುಗಿಸುವಷ್ಟರಲ್ಲಿ ಜ್ಞಾನಮ್ಮ ಎದ್ದು ನಿಂತಳು.

"ನನ್ನ ಜಗಲಿಯಲ್ಲಿ ಅತ್ತವರು ಯಾರಪ್ಪಾ ಹಾಗಾದರೆ? ನನ್ನ ಗಂಡನ ಹೆಣ ತೊಳೆದವರು ಅವರೇ. ಹೆದರಿಕೆ ಬಿಟ್ಟಿರಲಿಲ್ಲ, ಆದರೂ ತೊಳೆದರು. ನಾನು ಸತ್ತಮೇಲೆ ಇದನ್ನು ಹೇಳೋರಿಲ್ಲ. ನೀನು ನಾನಿರುವಾಗಲೇ ಅಳಿಸಿಬಿಟ್ಟೆ."

ಯಾರೂ ನನ್ನ ಮುಖ ನೋಡಲಿಲ್ಲ. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು. ಹೇಳಿದ ಕೆಲಸ ತಾನೇ ಮಾಡಿದ್ದು? ಕೋಣೆಗೆ ಹೋಗಿ ಚೀಲಕ್ಕೆ ಬಟ್ಟೆ ತುರುಕತೊಡಗಿದೆ.

ಗುರುಗಳು ಬಂದರು. ತಡೆಯಲಿಲ್ಲ. ಹೊರಗೆ ಒಣಗಲು ಹಾಕಿದ್ದ ನನ್ನ ಅಂಗಿ ಮಡಿಸಿ ತಂದಿದ್ದರು.

"ಮೂವರಲ್ಲಿ ಯಾರದ್ದು ಸರಿ?" ಅಂದೆ. "ಒಬ್ಬರ ಹೆಸರು ಹೇಳಿ, ಈಗಲೇ ಚೀಲ ಬಿಚ್ಚುತ್ತೇನೆ."

ಅಂಗಿಯನ್ನು ಚೀಲದೊಳಗಿಟ್ಟರು.

"ನಾಳೆ ಯಾರಾದರೂ ಬಂದು ನೀನು ಎಂಥವನಾಗಿದ್ದೆ ಅಂತ ಕೇಳಿದರೆ, ಅವರನ್ನು ಇಲ್ಲಿರುವ ಯಾವ ಒಬ್ಬರ ಹತ್ತಿರ ಮಾತ್ರ ಕಳಿಸಲಿ?" ಅಂದರು. "ಆ ಹೆಸರು ನೀನು ಹೇಳಿ ಹೋಗು."