ಹಳಿ ಮುಟ್ಟಿದರೆ ಜುಮ್

ಸಿದ್ಧವೀರಯ್ಯ ಮೇಷ್ಟ್ರು ಐಟಿಐನಲ್ಲಿ ಮೂವತ್ತು ವರ್ಷ ವೈರಿಂಗ್ ಕಲಿಸಿ ನಿವೃತ್ತರಾದವರು. ಅರಸೀಕೆರೆಯ ಅವರ ಮನೆಯಲ್ಲಿ, ಅಗಲವಾದ ಹಲಗೆಯ ಮೇಲೆ ಒಂದು ಆಟಿಕೆ ರೈಲು ಓಡುತ್ತಿತ್ತು. ಅದರ ಹಳಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರನ್ನು ಅವರೇ ಕೈಯಾರೆ ಸುತ್ತಿದ್ದರು.

ಶಿಷ್ಯೆ ವಿಮಲಾಕ್ಷಿ ಕೆಲಸ ಕಲಿತದ್ದು ಆ ರೈಲಿನ ಮುಂದೆ ಕೂತೇ. ಈಗ ಅವಳದೇ ರಿಪೇರಿ ಅಂಗಡಿಯಿತ್ತು.

ಒಂದು ದಿನ ಪಕ್ಕದ ಮನೆಯ ಪುಟ್ಟ ಹುಡುಗಿ ಹಳಿ ಮುಟ್ಟಿದವಳೇ ಕೈ ಜುಮ್ಮೆಂದಿತೆಂದು ಅತ್ತಳು. ಮೇಷ್ಟ್ರು ರೈಲು ನಿಲ್ಲಿಸಿ ವಿಮಲಾಕ್ಷಿಗೆ ಹೇಳಿಕಳಿಸಿದರು.

ಅವಳು ಮೂರು ದಿನ ಬಂದಳು. ಹಳಿ ಒರೆಸಿದಳು, ವೈರು ಬದಲಿಸಿದಳು, ಬೇರೆ ಮೀಟರ್ ತಂದಳು. ಹಳಿಗೂ ನೆಲಕ್ಕೆ ಹೋಗುವ ಅರ್ತ್ ತಂತಿಗೂ ನಡುವೆ, ಏನೂ ಇರಬಾರದ ಕಡೆ ತೊಂಬತ್ತು ವೋಲ್ಟ್ ತೋರಿಸುತ್ತಲೇ ಇತ್ತು.

"ಏನಂತೆ?" ಎಂದರು ಮೇಷ್ಟ್ರು.

"ಹುಸಿ ವೋಲ್ಟೇಜು ಮೇಷ್ಟ್ರೇ. ಈ ಡಿಜಿಟಲ್ ಮೀಟರು ಸುಮ್ಮಸುಮ್ಮನೆ ತೋರಿಸುತ್ತೆ. ಆ ಮಗು ಕೈ ಒದ್ದೆ ಇತ್ತೇನೋ."

"ಬಲ್ಬ್ ಹಾಕಿ ನೋಡಿದೆಯಾ?"

ಅವಳು ಮೀಟರಿನ ವೈರು ಸುತ್ತತೊಡಗಿದಳು.

"ಮೊದಲನೇ ವಾರವೇ ಹೇಳಿಕೊಟ್ಟಿದ್ದೆನಲ್ಲ. ಏನದು?"

"ಹುಸಿಯಾದರೆ ಬಲ್ಬ್ ಹಾಕಿದ ಕೂಡಲೇ ವೋಲ್ಟೇಜ್ ಬಿದ್ದುಹೋಗುತ್ತೆ. ನಿಜವಾದ ಲೀಕೇಜ್ ಆದರೆ ಬಲ್ಬ್ ಉರಿಯುತ್ತೆ."

"ಮತ್ತೆ ಯಾಕೆ ಹಾಕಲಿಲ್ಲ?"

"ಉರಿದುಬಿಟ್ಟರೆ ಅಂತ."

ಮೇಷ್ಟ್ರು ಎದ್ದರು. ದೇವರ ಮನೆಯ ಜೀರೋ ಕ್ಯಾಂಡಲ್ ಬಲ್ಬ್ ಬಿಚ್ಚಿ ತಂದು ಹೋಲ್ಡರಿಗೆ ಹಾಕಿ, ಒಂದು ತಂತಿಯನ್ನು ಹಳಿಗೆ, ಇನ್ನೊಂದನ್ನು ಅರ್ತಿಗೆ ಕೊಟ್ಟು ಸ್ವಿಚ್ ಒತ್ತಿದರು.

ಬಲ್ಬ್ ಮಂಕಾಗಿ, ಕೆಂಪಗೆ ಉರಿಯಿತು.

"ಟ್ರಾನ್ಸ್‌ಫಾರ್ಮರಿನ ಸುರುಳಿಗಳ ನಡುವಿನ ಕಾಗದ ಸುಟ್ಟಿದೆ," ಎಂದರು. "ಮನೆ ಕರೆಂಟು ಹಳಿಗೆ ಬರ್ತಿದೆ. ಇವತ್ತು ಜುಮ್ ಅಂದದ್ದು ನಾಳೆ ಜೀವ ತೆಗೀತಿತ್ತು."

"ಆ ಕಾಗದ ಅಮ್ಮಾವ್ರು ಮೇಣ ಹಚ್ಚಿಕೊಟ್ಟದ್ದಲ್ವಾ?"

ಮೇಷ್ಟ್ರ ಹೆಂಡತಿ ಶಿವಗಂಗಮ್ಮ ತೀರಿಕೊಂಡು ಎಂಟು ವರ್ಷವಾಗಿತ್ತು.

"ಹೂಂ. ನಾನು ತಂತಿ ಸುತ್ತುತ್ತಿದ್ದೆ, ಅವಳು ಎಣಿಸುತ್ತಿದ್ದಳು. ಆರುನೂರು ದಾಟಿತ್ತು, ಹಾಲು ಉಕ್ಕಿತು ಅಂತ ಒಳಗೆ ಓಡಿದಳು. ಬಂದಾಗ ಇಬ್ಬರಿಗೂ ಲೆಕ್ಕ ಮರೆತಿತ್ತು. ಪೂರ್ತಿ ಬಿಚ್ಚಿ ಮೊದಲಿಂದ ಸುತ್ತಿದೆವು. ಅವಳು ಆವತ್ತು ನಕ್ಕ ಹಾಗೆ ಆಮೇಲೆ ಯಾವತ್ತೂ ನಗಲಿಲ್ಲ."

ಪ್ಲಗ್ ಕಿತ್ತರು. ಇನ್ಯಾರೂ ಹಾಕದಂತೆ ಅದರ ವೈರನ್ನು ಇಕ್ಕಳದಿಂದ ಕತ್ತರಿಸಿದರು.

"ಇದನ್ನ ಹೀಗೇ ಬೀರುವಿನಲ್ಲಿ ಇಟ್ಟುಬಿಡೋಣ ಮೇಷ್ಟ್ರೇ," ಎಂದಳು ವಿಮಲಾಕ್ಷಿ. "ರೈಲಿಗೆ ಅಂಗಡಿಯಿಂದ ಹೊಸದು ತರ್ತೀನಿ."

"ಬೇಡ. ತಂತಿ, ಕಾಗದ ಎಲ್ಲಾ ಕಿತ್ತು ಹೊಸದಾಗಿ ಸುತ್ತು."

"ನಿಮಗೆ ಸಂಕಟ ಆಗಲ್ವಾ?"

"ಆಗುತ್ತೆ. ಆ ಸ್ಕ್ರೂಡ್ರೈವರ್ ಕೊಡು."