ಗೆರೆಯಂಚಿನಲ್ಲಿ ಓಡಿದವನು

ಘಟಪ್ರಭೆಯ ದಂಡೆಯಲ್ಲೊಂದು ಆಶ್ರಮ. ಅಲ್ಲ, ಕೃಷ್ಣೆಯ ದಂಡೆ ಅನ್ನುವವರೂ ಇದ್ದಾರೆ. ಅವರು ಬೇಕಿದ್ದರೆ ಅಲ್ಲೇ ಹೋಗಿ ಹುಡುಕಿಕೊಳ್ಳಲಿ.

ಅಲ್ಲಿಗೆ ಜರ್ಮನಿಯಿಂದ ಗೆರೋ ಬಂದ. ಫುಟ್‌ಬಾಲ್ ಆಡುವಾಗ ಊರೇ ಅವನನ್ನು ಹೆಗಲ ಮೇಲೆ ಹೊತ್ತಿತ್ತು. ಮಂಡಿ ಕೈಕೊಟ್ಟ ಮೇಲೆ ಅದೇ ತಂಡಕ್ಕೆ ಮ್ಯಾನೇಜರ್ ಆದ. ಯಾರು ಆಡಬೇಕು, ಯಾರು ಕೂರಬೇಕು ಎಂದು ಹೇಳುವವನು. ಆಶ್ರಮದವರ ಬಾಯಲ್ಲಿ ಅವನು ಗೇರಪ್ಪನಾದ.

ಚಾಳಿ ಮಾತ್ರ ಹೋಗಲಿಲ್ಲ. ಜಪಕ್ಕೆ ಕೂತವರ ಸಾಲನ್ನೂ ತಿದ್ದಿದ.

ಆಶ್ರಮದ ಗುರು ಅಜ್ಜಾರು ನಕ್ಕರು. "ಗೋಡಿ ಕಟ್ಟಿ ದೇವರನ್ನ ತಡೀತೀಯೇನಪಾ?"

ಗೇರಪ್ಪ ನಗಲಿಲ್ಲ. "ಅಜ್ಜಾರ, ನನಗ ಕ್ಷಮೆ ಬೇಕು."

"ಯಾರನ್ನ ಒದ್ದಿ?"

"ಒದ್ದಿಲ್ಲರಿ. ಉಲ್ರಿಕ್ ಅಂತ ಗೆಳೆಯ. ನಾ ಮ್ಯಾನೇಜರ್ ಆದಮ್ಯಾಲೂ ಅಂವ ಆಡ್ತಿದ್ದ. ಅವತ್ತು ಅವನ ಕಡೀ ಪಂದ್ಯ. 'ಮೈ ಬಿಸಿ ಮಾಡ್ಕೋ, ಮೈದಾನಕ್ಕ ಇಳಿಸ್ತೀನಿ' ಅಂದೆ."

"ಇಳಿಸಿದೇನು?"

"ಇಲ್ಲ. ಮೈದಾನದ ಗೆರಿ ಅಂಚಿಗೆ ಓಡಕೋತನ ಇದ್ದ. ತಿರುಗಿದಾಗೆಲ್ಲ ನನ್ನ ಮುಖ ನೋಡ್ತಿದ್ದ. ಕಡೀ ಸೀಟಿ ಊದಿಬಿಟ್ರು."

"ಒಬ್ಬನ್ನ ಬದಲಿಸಾಕ ಅವಕಾಶ ಇರಲಿಲ್ಲೇನು?"

"ಒಂದಿತ್ತು. ಯಾರಿಗರ ಪೆಟ್ಟಾದ್ರ ಬೇಕಾದೀತು ಅಂತ ಉಳಿಸಿಕೊಂಡೆ."

"ಪೆಟ್ಟಾತೇನು?"

"ಒಳಗ ಆಡೋರಿಗೆ ಆಗಲಿಲ್ಲ."

"ಉಲ್ರಿಕ್ ಏನಂದ?"

"ಕೂತು ಬೂಟು ಬಿಚ್ಚಿದ. ಒಂದು ಚೂರೂ ಕೆಸರಿರಲಿಲ್ಲರಿ ಅದಕ್ಕ."

ಅಜ್ಜಾರು ಎದ್ದರು. "ಕ್ಷಮೆ ಕೊಡಾಕ ನಾಳೆ ಕರೀತೀನಿ. ಜಳಕ ಮಾಡಿ ತಯಾರಿರು."

ಮರುದಿನ ಗೇರಪ್ಪ ಮಿಂದು, ಒದ್ದೆ ಪಂಚೆಯಲ್ಲೇ ಬಾಗಿಲ ಬಳಿ ನಿಂತ. ಅಜ್ಜಾರು ಪೂಜೆ ಮಾಡಿದರು. ಉಂಡರು. ಗೊರಕೆ ಹೊಡೆದರು. ಹೊಳೆಗೆ ಹೋಗುವಾಗಲೂ ಬರುವಾಗಲೂ ಅವನ ಮುಂದೆಯೇ ಹಾದರು. ಅವರ ಹೆಜ್ಜೆ ಕೇಳಿದಾಗೆಲ್ಲ ಅವನು ನೆಟ್ಟಗೆ ನಿಂತ. ಪಂಚೆ ಮೈಮೇಲೇ ಒಣಗಿತು. ಹೊತ್ತು ಮುಳುಗಿತು.

"ಅಜ್ಜಾರ, ನನ್ನ ಕರೀಲೇ ಇಲ್ಲಲ್ರಿ! ಮರತ್ರೇನು?"

"ಮರತಿಲ್ಲ. ಬ್ಯಾರೆ ಯಾರಿಗರ ಬೇಕಾದೀತು ಅಂತ ಉಳಿಸಿಕೊಂಡೆ."

ಗೇರಪ್ಪ ಮೆಟ್ಟಿಲ ಮೇಲೆ ಕುಸಿದ. ಅಷ್ಟು ದೊಡ್ಡ ಆಳು, ಮುಖ ಮುಚ್ಚಿಕೊಂಡು ಅತ್ತ.

"ಉಲ್ರಿಕ್ ಇನ್ನೂ ಅದ ಊರಾಗ ಅದಾನ್ರಿ. ಒಂದು ಮಾತು ಕರದಿದ್ರ ಓಡಿ ಹೋಗ್ತಿದ್ದೆ. ಇಷ್ಟು ವರ್ಷಾದ್ರೂ ಕರೀಲಿಲ್ಲ."

ಅಜ್ಜಾರು ಅವನ ಪಕ್ಕದಲ್ಲೇ ಕೂತರು. "ಅವತ್ತು ನೀ ಕರದಿದ್ರ ಅಂವ ಬರ್ತಿದ್ದ. ಈಗ ಅಂವ ಕರೀದಿದ್ರೂ ನೀನ ಹೋಗಬೇಕಪಾ."