ಎಂಬತ್ತು ಸಾವಿರದಿಂದ ಎಲ್ಲೀತನಕ?

ದಾವಣಗೆರೆಯ ಬಸ್ ಕಂಡಕ್ಟರೊಬ್ಬನಿಗೆ ಎದೆ ಹೆಂಗಸರಂತೆ ಬೆಳೆದಿತ್ತು. ಚೀಲದ ಪಟ್ಟಿ ಎದೆಗೆ ಅಡ್ಡ ಬಿದ್ದರೆ ಹಿಂದಿನ ಸೀಟಿನವರಿಗೆ ನಗು. ಕೂಡಿಟ್ಟ ಒಂದು ಲಕ್ಷ ನೆಚ್ಚಿಕೊಂಡು, ಎದೆ ಇಳಿಸುವ ಆಪರೇಷನ್ ಕೇಳಲು ಕ್ಲಿನಿಕ್ಕಿಗೆ ಹೋದ.

“ಎಂಬತ್ತು ಸಾವಿರದಿಂದ ಶುರು. ಇವತ್ತೇ ಅಡ್ವಾನ್ಸ್ ಕಟ್ಟಿ, ನಾಳೆ ಈ ರೇಟು ಇರಲ್ಲ,” ಎಂದ ಟೈ ಕಟ್ಟಿದ ಮ್ಯಾನೇಜರು.

“ಎಲ್ಲೀತನಕ ಸಾರ್?”

“ಏನ್ರೀ ಹಂಗಂದ್ರೆ?”

“ಬರೀ ‘ದಾವಣಗೆರೆಯಿಂದ’ ಅಂದ್ರೆ ನಾನು ಟಿಕೆಟ್ ಕೊಡಲ್ಲ. ಇಳಿಯೋ ಊರೂ ಹೇಳ್ಬೇಕು.”

ಮ್ಯಾನೇಜರು ಟೈ ಸಡಿಲಿಸಿದ. ಅರಿವಳಿಕೆ, ಥಿಯೇಟರು, ಆಮೇಲೆ ತೊಡುವ ಬಿಗಿ ಬನಿಯನ್, ಎಲ್ಲಾ ಒಂದೊಂದಾಗಿ ಹತ್ತಿದವು. ಲೆಕ್ಕ ಒಂದೂವರೆ ಲಕ್ಷಕ್ಕೆ ಹೋಗಿ ನಿಂತಿತು.

“ಬರೆದು ಸೀಲ್ ಹಾಕಿ ಕೊಡಿ, ಇನ್ನೆರಡು ಕಡೆ ವಿಚಾರಿಸ್ತೀನಿ,” ಎಂದ ಕಂಡಕ್ಟರು. “ಇಲ್ಲಿಗೇ ಬಂದ್ರೆ, ಆ ಚೀಟೀಲಿ ಇಲ್ದೆ ದಾರೀಲಿ ಹತ್ತೋರ ಟಿಕೆಟ್ ದುಡ್ಡು ನೀವೇ ಕೊಡ್ಬೇಕು.”